ಹಾಜರಿ ಪುಸ್ತಕದಲ್ಲಿ ಉಳಿದ ಹೆಸರು

೨೦೨೨ನೆಯ ಇಸವಿ ಮಾರ್ಚ್ ತಿಂಗಳ ೧೯ರ ಶನಿವಾರ, ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಖಾಸಗಿ ಬಸ್ಸೊಂದು, ಒಳಗೆ ಕಾಲೂರಲು ಎಡೆಯಿಲ್ಲದಷ್ಟು ಜನರನ್ನೂ ಟಾಪಿನ ಮೇಲೆ ಕುಳಿತವರನ್ನೂ ಹೊತ್ತುಕೊಂಡು, ಪಳವಳ್ಳಿಯ ಕೆರೆಯ ಬಳಿ ಮಗುಚಿಬಿದ್ದಿತು. ಶಾಲೆ ಕಾಲೇಜುಗಳಿಗೆ ಹೊರಟಿದ್ದ ಹುಡುಗರೂ ಹುಡುಗಿಯರೂ ಆ ಬಸ್ಸಿನಲ್ಲಿ ಬಹುಮಂದಿ ಇದ್ದರು, ಮಡಿದವರಲ್ಲಿಯೂ ಅವರಿದ್ದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಆಗ ಉಳಿದಿದ್ದುದು ಒಂಬತ್ತೇ ದಿನ. ಬಸ್ಸುಗಳ ಅಭಾವವನ್ನು ಕುರಿತು ಪತ್ರಿಕೆಗಳು ಬರೆದವು, ಪರಿಹಾರದ ಮಾತು ನಡೆಯಿತು, ಇವೆಲ್ಲ ಆಗಬೇಕಾದುವೇ. ಆದರೆ ವೃತ್ತಿಯಿಂದ ಉಪಾಧ್ಯಾಯನಾಗಿದ್ದ ನನ್ನ ಮನಸ್ಸು ಹೋಗಿ ನಿಂತುದು ಬೇರೊಂದು ಕಡೆ. ಇಂತಹದೊಂದು ದುರಂತವಾದ ಮೇಲಿನ ಮೊದಲನೆಯ ಶಾಲಾದಿನ, ಪ್ರಾರ್ಥನೆ ಮುಗಿದು, ಹಾಜರಿ ಪುಸ್ತಕವನ್ನು ಬಿಡಿಸಿ ಒಂದೊಂದೇ ಹೆಸರನ್ನು ಕೂಗುತ್ತ ಬರುವ ಮೇಷ್ಟರು, ಉತ್ತರ ಬರಲಾರದ ಹೆಸರಿನ ಸಾಲಿಗೆ ಬಂದಾಗ ಏನು ಮಾಡತಕ್ಕದ್ದು? ಕರೆದರೆ ತಪ್ಪು, ದಾಟಿಹೋದರೆ ಅದೂ ತಪ್ಪು, ತರಗತಿಯ ಕಣ್ಣುಗಳೆಲ್ಲ ಅವರ ತುಟಿಯನ್ನೇ ನೋಡುತ್ತಿರುತ್ತವೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ಈ ನಾಲ್ಕು ತಾಲ್ಲೂಕುಗಳು ಕಂದಾಯದ ಲೆಕ್ಕದಲ್ಲಿ ತುಮಕೂರು ಜಿಲ್ಲೆಗೆ ಸೇರಿದುವಾದರೂ, ವಿದ್ಯಾ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯನ್ನು ಕೇಂದ್ರವಾಗಿ ಉಳ್ಳ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಪರೀಕ್ಷೆಯ ಫಲಿತಾಂಶ ಬಂದಾಗಲೆಲ್ಲ ಈ ಹೆಸರನ್ನು ಪತ್ರಿಕೆಯಲ್ಲಿ ಓದುವೆವು. ಎಷ್ಟನೆಯ ಸ್ಥಾನ, ಎಷ್ಟು ಮಂದಿ ತೇರ್ಗಡೆ ಎಂಬ ಚರ್ಚೆ ಬಸ್ ನಿಲ್ದಾಣದವರೆಗೂ ನಡೆಯುವುದು. ಆ ಅಂಕಪಟ್ಟಿಯ ಹಿಂದೆ ಆ ವರ್ಷ ತಂದೆಯನ್ನೋ ತಾಯಿಯನ್ನೋ ಒಡಹುಟ್ಟಿದವರನ್ನೋ ಬೆಂಚಿನ ಗೆಳೆಯನನ್ನೋ ಕಳೆದುಕೊಂಡವರು ಎಷ್ಟು ಜನ ಎಂಬುದನ್ನು ಯಾರೂ ಎಣಿಸುವುದಿಲ್ಲ. ಪ್ರೌಢಶಾಲೆಯಲ್ಲಿ ಪಾಠ ಹೇಳುವವರಿಗೂ, ಹಾಸ್ಟೆಲಿನ ವಾರ್ಡನ್ನರಿಗೂ, ಮನೆಯಲ್ಲಿ ಅಂತಹ ಮಕ್ಕಳಿರುವ ಹಿರಿಯರಿಗೂ ಒದಗಬಹುದಾದ ಕೆಲವು ವಿಚಾರಗಳನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಸೀಮೆ ಸಾವಿನ ವಿಷಯದಲ್ಲಿ ಮೂಕವಾದುದೇನೂ ಅಲ್ಲ. ಊರಿನಲ್ಲಿ ಒಬ್ಬರು ತೀರಿಕೊಂಡರೆಂದರೆ ತಮಟೆಯ ಸದ್ದು ಹೊಲದಲ್ಲಿ ಕಳೆ ಕೀಳುತ್ತಿರುವವರಿಗೂ ಸುದ್ದಿ ಮುಟ್ಟಿಸುತ್ತದೆ. ರಾತ್ರಿಯಿಡೀ ಭಜನೆ ನಡೆಯುತ್ತದೆ. ಮಣ್ಣಿಗೆ ಹೋಗಿಬಂದವರು ಕೈಕಾಲು ತೊಳೆದು ದೀಪ ನೋಡಿ ಮನೆಗೆ ಹೋಗುತ್ತಾರೆ. ಮೂರನೆಯ ದಿನ ಹಾಲುತುಪ್ಪ, ಹನ್ನೊಂದನೆಯ ದಿನ ತಿಥಿ. ಬಸ್ ನಿಲ್ದಾಣದಲ್ಲಿ ಫ್ಲೆಕ್ಸು, ಮನೆಮನೆಗೆ ಕೈಲಾಸ ಸಮಾರಾಧನೆಯದೋ ವೈಕುಂಠ ಸಮಾರಾಧನೆಯದೋ ಕಾರ್ಡು. ಲಿಂಗಾಯತರ ಮನೆಗಳಲ್ಲಿ ಶಿವಗಣಾರಾಧನೆ. ಶಿರಾದ ಮುಸಲ್ಮಾನರ ಬೀದಿಗಳಲ್ಲಿ ನಲವತ್ತನೆಯ ದಿನದ ಫಾತಿಹಾ. ವರ್ಷಕ್ಕೊಮ್ಮೆ ಮಹಾಲಯದಲ್ಲಿ ಪಕ್ಷ ಮಾಡಿ, ಹೋದವರಿಗೆ ಪ್ರಿಯವಾಗಿದ್ದುದನ್ನೆಲ್ಲ ಎಡೆಯಿಡುವುದು ಬಡವರ ಮನೆಯಲ್ಲಿಯೂ ತಪ್ಪುವುದಿಲ್ಲ. ಬೀಡಿ ಸೇದುತ್ತಿದ್ದ ಅಜ್ಜನ ಎಡೆಗೆ ಒಂದು ಕಟ್ಟು ಬೀಡಿಯನ್ನಿಟ್ಟು, ಪಕ್ಕದಲ್ಲಿ ಬೆಂಕಿಪೆಟ್ಟಿಗೆಯನ್ನೂ ಮರೆಯದೆ ಇಟ್ಟ ಮನೆಯನ್ನು ನಾನು ಬಲ್ಲೆ. ಇಷ್ಟು ವಿಸ್ತಾರವಾದ, ಇಷ್ಟು ಅಂತಃಕರಣದ ಆಚಾರವುಳ್ಳ ಜನ ಸಾವಿಗೆ ಹೆದರಿ ಮುಖ ತಿರುಗಿಸಿದವರೆಂದು ಹೇಳಲಾಗದು.

ಆದರೂ ಈ ಆಚಾರದ ನಡುವೆ ಹದಿನಾಲ್ಕು ಹದಿನೈದರ ವಯಸ್ಸಿನವರಿಗೆ ಇರುವ ಸ್ಥಾನ ವಿಚಿತ್ರವಾದುದು. ಹಿರಿಯ ಮಗನಾದರೆ ಕೈಗೆ ಮಡಕೆಯನ್ನೋ ಕೊಳ್ಳಿಯನ್ನೋ ಕೊಟ್ಟು ಎಲ್ಲರ ಮುಂದೆ ನಡೆಸುತ್ತಾರೆ. ಮಗಳಾದರೆ ಹೆಂಗಸರ ನಡುವೆ ಒಂದು ಮೂಲೆಯಲ್ಲಿ ಕೂರಿಸಿ, ತರುವಾಯ ಬಂದವರಿಗೆಲ್ಲ ಕಾಫಿ ಕೊಡಲು ಎಬ್ಬಿಸುತ್ತಾರೆ. ಇಬ್ಬರನ್ನೂ ‘ನಿನಗೆ ಏನನ್ನಿಸುತ್ತಿದೆ?’ ಎಂದು ಕೇಳಿದವರು ಯಾರೂ ಇರುವುದಿಲ್ಲ. ಕ್ರಿಯೆ ಮುಗಿದು ಶಾಲೆಗೆ ಬಂದರೆ ಅಲ್ಲಿ ಎರಡು ನಿಮಿಷದ ಮೌನಾಚರಣೆ, ಕೆಲವೊಮ್ಮೆ ಅದೂ ಇಲ್ಲ; ಬೀಜಗಣಿತ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಮುಂದುವರಿಯುತ್ತದೆ. ಮನೆಯಲ್ಲಿ ಕ್ರಿಯೆಯುಂಟು, ಮಾತಿಲ್ಲ. ಶಾಲೆಯಲ್ಲಿ ದಿನವಿಡೀ ಮಾತು, ಆದರೆ ಇದೊಂದನ್ನು ಬಿಟ್ಟು. ಈ ತೆರಪನ್ನು ತುಂಬುವುದಕ್ಕೆ ಮನಶ್ಶಾಸ್ತ್ರದ ಪದವಿ ಬೇಕಾಗಿಲ್ಲವೆಂದೂ, ಸತ್ಯವಾದ ನಾಲ್ಕು ಸರಳವಾಕ್ಯಗಳನ್ನು ತಕ್ಕ ಸಮಯದಲ್ಲಿ ಆಡಿ ಹತ್ತಿರದಲ್ಲಿ ಕುಳಿತಿರಬಲ್ಲ ಒಬ್ಬ ಹಿರಿಯರು ಸಾಕೆಂದೂ ನನ್ನ ನಂಬಿಕೆ.

ಮೊದಲನೆಯ ಕಷ್ಟ ಸುದ್ದಿ ಹೇಳುವುದು. ಹಟ್ಟಿಗಳಿಂದಲೂ ಗಡಿಯ ಹಳ್ಳಿಗಳಿಂದಲೂ ಬಂದ ಮಕ್ಕಳು ಅನೇಕರು ಹಾಸ್ಟೆಲುಗಳಲ್ಲಿಯೂ ವಸತಿಶಾಲೆಗಳಲ್ಲಿಯೂ ಇದ್ದಾರೆ. ಊರಿನಿಂದ ವಾರ್ಡನ್ನರಿಗೆ ಫೋನು ಬರುತ್ತದೆ. ಚಿಕ್ಕಪ್ಪನೋ ಸೋದರಮಾವನೋ ಬೈಕಿನಲ್ಲಿ ಬರುತ್ತಾನೆ. ಎಲ್ಲರೂ ಸೇರಿ ಹುಡುಗನಿಗೆ ಹೇಳುವ ಮಾತು ಒಂದೇ: ‘ನಿಮ್ಮಪ್ಪಂಗೆ ಹುಷಾರಿಲ್ಲ, ಬಾ ಹೋಗಿಬರೋಣ.’ ತುಮಕೂರಿನಿಂದ ಪಾವಗಡದ ಕಡೆಗೆ ಹೋಗುವ ಆ ದೀರ್ಘವಾದ ದಾರಿಯುದ್ದಕ್ಕೂ ಹುಡುಗ ಆಸ್ಪತ್ರೆಯ ವಿಷಯ ಕೇಳುತ್ತಾನೆ, ಮಾವ ಬೇರೇನೋ ಹೇಳುತ್ತಾನೆ. ಮನೆಯ ಬೀದಿಯ ತಿರುವಿನಲ್ಲಿ ಶಾಮಿಯಾನ ಕಂಡು ತಮಟೆ ಕೇಳಿಸಿದಾಗ ಎಲ್ಲ ಒಮ್ಮೆಗೇ ತಿಳಿಯುತ್ತದೆ. ಈಗಿನ ಕಾಲದಲ್ಲಿ ಅಷ್ಟು ದೂರವೂ ಹೋಗಬೇಕಾಗಿಲ್ಲ: ಮಧುಗಿರಿ ದಾಟುವುದರೊಳಗೆ ಯಾವನೋ ನೆಂಟ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಹಾರ ಹಾಕಿದ ಭಾವಚಿತ್ರವನ್ನು ಹಾಕಿಬಿಟ್ಟಿರುತ್ತಾನೆ. ದಯೆಯಿಂದಲೇ ಆಡಿದ ಸುಳ್ಳು ಅದು. ಆದರೆ ಆ ಎರಡು ತಾಸುಗಳನ್ನು ಮಕ್ಕಳು ಮುಂದೆ ಎಷ್ಟೋ ವರ್ಷಗಳವರೆಗೆ ಮರೆಯುವುದಿಲ್ಲ. ಅಪ್ಪನ ಸಾವಿಗಿಂತಲೂ ಮಾವನ ಸುಳ್ಳಿನ ಮೇಲೆ ಅವರ ಕೋಪ ಹೆಚ್ಚು ದಿನ ನಿಲ್ಲುವುದುಂಟು.

ನಮ್ಮ ಮಕ್ಕಳೆಲ್ಲ ಬಾಲ್ಯದಲ್ಲಿ ಕಲಿಯುವ ಪುಣ್ಯಕೋಟಿಯ ಕಥೆಯನ್ನು ನಾವು ಸತ್ಯದ ಕಥೆಯೆಂದು ಪಾಠ ಹೇಳುತ್ತೇವೆ, ಕೊಟ್ಟ ಮಾತಿನ ಕಥೆಯೆಂದು ವ್ಯಾಖ್ಯಾನ ಮಾಡುತ್ತೇವೆ. ಅದರಲ್ಲಿ ಇನ್ನೊಂದು ಸಂಗತಿಯೂ ಇದೆ. ಹುಲಿಯ ಅನುಮತಿ ಪಡೆದು ದೊಡ್ಡಿಗೆ ಬಂದ ಹಸು ಕರುವಿನ ಹೊಟ್ಟೆ ತುಂಬಿಸಿ, ಹಾಗೆಯೇ ಸದ್ದಿಲ್ಲದೆ ಹೊರಟುಹೋಗಬಹುದಾಗಿತ್ತು. ನಾಳೆ ಬರುತ್ತೇನೆಂದು ಹೇಳಲೂಬಹುದಾಗಿತ್ತು. ಹಾಗೆ ಮಾಡಲಿಲ್ಲ. ತಾನು ಹುಲಿಗೆ ಆಹಾರವಾಗಲು ಹೋಗುತ್ತಿರುವುದನ್ನು ಕರುವಿಗೆ ಸ್ಪಷ್ಟವಾಗಿ ಹೇಳಿತು. ಕರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟಿತು. ಆಮೇಲೆ ಒಡನಿದ್ದ ಹಸುಗಳನ್ನು ಕರೆದು, ಇದು ನಿಮ್ಮದೆಂದು ತಿಳಿದು ನೋಡಿಕೊಳ್ಳಿರೆಂದು ಒಪ್ಪಿಸಿತು. ಸುದ್ದಿ ಹೇಳುವವರಿಗೆ ಇದಕ್ಕಿಂತ ಒಳ್ಳೆಯ ಮಾರ್ಗಸೂಚಿ ನನಗೆ ತಿಳಿದಮಟ್ಟಿಗೆ ಇಲ್ಲ: ಹೊಟ್ಟೆ ತುಂಬಿಸು, ನಿಜ ಹೇಳು, ಪ್ರಶ್ನೆಗೆ ಉತ್ತರ ಕೊಡು, ಇನ್ನು ಯಾರ ಆಸರೆಯಲ್ಲಿರಬೇಕೆಂಬುದನ್ನು ತೋರಿಸು. ೨೦೧೯ರ ಜನವರಿ ೨೧ರಂದು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ತಮ್ಮ ೧೧೧ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದಾಗ, ಮಠದ ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆಯೇ ಸುದ್ದಿಯನ್ನು ಪ್ರಕಟಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ಅಂದಿನ ಪತ್ರಿಕೆಗಳು ಬರೆದುವು. ಆ ಮಕ್ಕಳಲ್ಲಿ ನಮ್ಮ ಈ ತಾಲ್ಲೂಕುಗಳವರೂ ಇದ್ದರು. ಉಂಡ ಹೊಟ್ಟೆಯಲ್ಲಿ ಕೇಳಿದ ದುಃಖ ಕಡಿಮೆಯಾಗುವುದಿಲ್ಲವೆಂಬುದು ನಿಜ. ಆದರೆ ಆ ರಾತ್ರಿಯವರೆಗೆ ಮತ್ತೆ ತುತ್ತು ಇಳಿಯುವುದಿಲ್ಲವೆಂಬುದನ್ನು ಮಕ್ಕಳನ್ನು ಸಾಕಿದವರು ಬಲ್ಲರು.

ಆದುದರಿಂದ, ಸುದ್ದಿ ಬಂದಾಗ ಮುಖ್ಯೋಪಾಧ್ಯಾಯರ ಕೊಠಡಿಗೆ ಎಲ್ಲರ ಮುಂದೆ ಜವಾನನಿಂದ ಕರೆಸಬೇಡಿ. ಆ ಮಗುವಿಗೆ ಸಲಿಗೆಯಿರುವ ಉಪಾಧ್ಯಾಯರೊಬ್ಬರು ತಾವೇ ಹೋಗಿ ಕರೆತರಲಿ. ಕೂರಿಸಿ, ನೀರು ಕೊಟ್ಟು, ಪೀಠಿಕೆಯನ್ನು ಬೆಳೆಸದೆ ಹೇಳಿ: ‘ಒಂದು ಕಷ್ಟದ ಸುದ್ದಿ ಹೇಳಬೇಕಮ್ಮ. ನಿಮ್ಮ ತಂದೆ ಇವತ್ತು ಬೆಳಗ್ಗೆ ತೀರಿಕೊಂಡರು.’ ‘ದೇವರ ಹತ್ತಿರ ಹೋದರು’, ‘ನಮ್ಮನ್ನು ಬಿಟ್ಟು ದೂರ ಹೋದರು’ ಎಂಬ ಮರೆಮಾತು ಈ ವಯಸ್ಸಿನವರಿಗೆ ಬೇಡ. ಸಾವೆಂಬುದು ಮರಳಿ ಬಾರದ್ದೆಂದೂ ಎಲ್ಲರಿಗೂ ಬರುವುದೆಂದೂ ಮಕ್ಕಳು ಹತ್ತು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಅರಿತಿರುತ್ತಾರೆ. ಹೇಗಾಯಿತೆಂದು ಕೇಳಿದರೆ ಗೊತ್ತಿರುವಷ್ಟನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆನ್ನಿ. ಊರಿಗೆ ಒಂಟಿಯಾಗಿ ಬಸ್ಸು ಹತ್ತಿಸಬೇಡಿ. ಒಬ್ಬರು ಜೊತೆಯಲ್ಲಿ ಹೋಗುವುದೂ, ಸಾಧ್ಯವಾದರೆ ಮಣ್ಣಿನವರೆಗೂ ನಿಂತು ಬರುವುದೂ, ಮುಂದೆ ಆಡಬೇಕಾದ ಎಷ್ಟೋ ಮಾತನ್ನು ಆಡದೆಯೇ ಆಡಿದ ಹಾಗೆ.

ಇನ್ನು ಮರಳಿ ಬರುವ ದಿನ. ಇದರಲ್ಲಿ ನಾನು ಮಾಡಿದ ಅಪರಾಧವೊಂದನ್ನು ಹೇಳಿಯೇ ಮುಂದೆ ಹೋಗಬೇಕು. ಕೆಲಸಕ್ಕೆ ಸೇರಿದ ಹೊಸತು, ಒಂಬತ್ತನೆಯ ತರಗತಿ, ಹತ್ತಾರು ದಿನ ಗೈರುಹಾಜರಾಗಿದ್ದ ಹುಡುಗನೊಬ್ಬ ಉಣ್ಣೆಯ ಟೋಪಿ ಹಾಕಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತಿದ್ದ. ಬೇಸಗೆಯಲ್ಲಿ ಟೋಪಿಯೆಂಥದು, ತೆಗೆ ಎಂದು ಗದರಿದೆ. ಅವನು ತೆಗೆಯಲಿಲ್ಲ. ಹತ್ತಿರ ಹೋಗಿ ನಾನೇ ತೆಗೆದೆ. ನುಣ್ಣಗೆ ಬೋಳಿಸಿದ ತಲೆ ಕಂಡು ತರಗತಿ ನಕ್ಕಿತು. ‘ಅಪ್ಪ ತೀರ್ಕಂಡ್ರು ಸಾರ್’ ಎಂದ, ನೆಲ ನೋಡಿಕೊಂಡು. ಆ ದಿನ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ. ಹುಡುಗ ಮರುದಿನ ಬರಲಿಲ್ಲ, ವಾರ ಬರಲಿಲ್ಲ. ಮನೆಗೆ ಹೋಗಿ ಅವನ ತಾಯಿಯ ಮುಂದೆ ಕುಳಿತು ಕೇಳಿಕೊಂಡ ಮೇಲೆ ಬಂದ.

ಅಂದು ನನಗೆ ತಿಳಿದುದನ್ನು ಇಂದಿನ ಉಪಾಧ್ಯಾಯರು ಆ ಬೆಲೆ ಕೊಡದೆಯೇ ತಿಳಿದುಕೊಳ್ಳಬಹುದು. ಮಗು ಬರುವ ಹಿಂದಿನ ದಿನವೇ ಉಳಿದ ಮಕ್ಕಳೊಡನೆ ಮಾತಾಡಬೇಕು: ‘ನಾಳೆ ಬರ್ತಾನೆ. ತಲೆ ತೆಗೆಸಿರ್ತಾರೆ. ಏನು ಮಾತಾಡೋದು ಅಂತ ನಿಮಗೆ ಗೊತ್ತಾಗದೆ ಇರಬಹುದು. ದೂರ ಸರೀಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ, ನೋಟ್ಸ್ ಕೊಡಿ, ಆಟಕ್ಕೆ ಕರೀರಿ.’ ಹದಿಹರೆಯದವರು ಕ್ರೂರಿಗಳಾಗಿ ದೂರ ಸರಿಯುವುದಲ್ಲ. ಬಾಯಿಗೆ ಮಾತು ತೋಚದೆ, ಎಲ್ಲಿ ಅಳಿಸಿಬಿಡುವೆವೋ ಎಂಬ ಅಂಜಿಕೆಯಿಂದ ಸರಿಯುತ್ತಾರೆ. ಸರಿದದ್ದನ್ನು ಕಂಡವನು ತನಗೇನೋ ಮೈಲಿಗೆ ಅಂಟಿದೆಯೆಂದು ಭಾವಿಸುತ್ತಾನೆ. ಬಂದ ದಿನ ಉಪಾಧ್ಯಾಯರು ಬಾಗಿಲಲ್ಲಿಯೇ ಎದುರುಗೊಂಡು ಹೇಳತಕ್ಕದ್ದು ಇಷ್ಟು: ‘ಬಂದೆಯಾ, ಒಳ್ಳೇದಾಯ್ತು ಕಣಪ್ಪ. ಅಪ್ಪನ ವಿಷಯ ಗೊತ್ತಾಯ್ತು, ನನಗೂ ಬಹಳ ಬೇಜಾರಾಯ್ತು. ಮಾತಾಡಬೇಕು ಅನ್ನಿಸಿದರೆ ಬಾ. ಸುಮ್ಮನೆ ಬಂದು ಕೂತರೂ ಸರಿ.’ ತರಗತಿಯ ನಡುವೆ ಅಳು ಬಂದರೆ ಕೇಳದೆಯೇ ಎದ್ದು ಹೋಗಿ ಕೂರಬಹುದಾದ ಒಂದು ಜಾಗವನ್ನು, ಗ್ರಂಥಾಲಯದ ಮೂಲೆಯೋ ಸ್ಟಾಫ್ ರೂಮಿನ ಬೆಂಚೋ, ಆಗಲೇ ತೋರಿಸಿಡಬೇಕು.

ಹೇಳಬಾರದ ಮಾತುಗಳೂ ಕೆಲವಿವೆ. ಅವೆಲ್ಲ ನಾವು ಅಭ್ಯಾಸಬಲದಿಂದ ಹೇಳುವುವೇ. ‘ಗಂಡುಮಗ ಅಳಬಾರದು’ ಎಂಬುದು ಒಂದು. ‘ಎಲ್ಲ ಹಣೆಬರಹ’ ಎಂಬುದು ಇನ್ನೊಂದು. ವೃದ್ಧರ ಬಾಯಲ್ಲಿ ಅದು ವಿವೇಕವಾದೀತು, ಹದಿನೈದರವನ ಕಿವಿಯಲ್ಲಿ ಬಾಗಿಲು ಮುಚ್ಚಿದ ಸದ್ದಾಗುತ್ತದೆ. ಎಲ್ಲಕ್ಕಿಂತ ಭಾರವಾದುದು, ಹೆಣದ ಮುಂದೆಯೇ ಹತ್ತು ಮಂದಿ ಭುಜ ತಟ್ಟಿ ಹೇಳುವ ‘ಇನ್ಮೇಲೆ ನೀನೇ ಮನೆಗೆ ಯಜಮಾನ’ ಎಂಬ ಮಾತು. ಹುಡುಗ ಅದನ್ನು ಅಕ್ಷರಶಃ ನಂಬುತ್ತಾನೆ. ತಾಯಿಯ ಮುಂದೆ ಅಳುವುದನ್ನು ಬಿಡುತ್ತಾನೆ. ಶನಿವಾರ ಗಾರೆ ಕೆಲಸಕ್ಕೆ ಹೋಗುತ್ತಾನೆ, ಆಮೇಲೆ ಶುಕ್ರವಾರವೂ ಹೋಗುತ್ತಾನೆ. ಮೂರು ತಿಂಗಳಲ್ಲಿ ಬೆಂಗಳೂರಿನ ಯಾವುದೋ ಬೇಕರಿಯಲ್ಲಿಯೋ ಹೋಟೆಲಿನಲ್ಲಿಯೋ ಇರುತ್ತಾನೆ. ಶಾಲೆ ಇದನ್ನು ‘ಡ್ರಾಪ್‌ಔಟ್’ ಎಂದು ಬರೆದುಕೊಳ್ಳುತ್ತದೆ. ಆ ಮಾತಿಗೆ ಪ್ರತಿಯಾಗಿ ಉಪಾಧ್ಯಾಯರು ಅವನಿಗೂ ಅವನ ಮನೆಯವರಿಗೂ ಹೇಳಬೇಕಾದುದು: ಮನೆಯ ಯಜಮಾನಿಕೆ ದೊಡ್ಡವರದು, ಇವನು ಇನ್ನೂ ಓದುವ ಹುಡುಗ.

ಹೆಣ್ಣುಮಕ್ಕಳ ಪಾಡು ಬೇರೆ ಬಗೆಯದು. ಮನೆಯಲ್ಲಿ ಸಾವಾದರೆ ವರ್ಷದೊಳಗೆ ಒಂದು ಶುಭಕಾರ್ಯ ಆಗಬೇಕೆಂಬ ನಂಬಿಕೆ ನಮ್ಮಲ್ಲಿ ಅನೇಕ ಕಡೆ ಇದೆ. ಆ ಶುಭಕಾರ್ಯ ಯಾವುದೆಂದು ಮನೆಯವರು ಕಣ್ಣು ಹಾಯಿಸಿದಾಗ ಹತ್ತನೆಯ ತರಗತಿಯ ಮಗಳ ಮೇಲೆ ಕಣ್ಣು ನಿಲ್ಲುತ್ತದೆ. ‘ಅಪ್ಪ ಇಲ್ಲದ ಮಗು, ಒಂದು ದಡ ಸೇರಿಸಿದರೆ ಸಾಕು’ ಎಂಬ ಮಾತೂ ಜೊತೆಗೂಡುತ್ತದೆ. ತಂದೆ ಸತ್ತ ದುಃಖವನ್ನು ನುಂಗುವುದರೊಳಗೆ ಅವಳಿಗೆ ಶಾಲೆಯೂ ಗೆಳತಿಯರೂ ತವರೂ ಒಟ್ಟಿಗೆ ತಪ್ಪುತ್ತವೆ. ಹದಿನೆಂಟು ತುಂಬದೆ ಮದುವೆ ಮಾಡುವುದು ಅಪರಾಧವೆಂಬುದನ್ನು ಎಲ್ಲರೂ ಬಲ್ಲರು. ಆದರೂ ತಂದೆಯನ್ನು ಕಳೆದುಕೊಂಡ ಹುಡುಗಿ ಎರಡು ದಿನ ಬಾರದಿದ್ದರೆ ಮೂರನೆಯ ದಿನ ಅವಳ ಮನೆಗೆ ಒಬ್ಬ ಉಪಾಧ್ಯಾಯಿನಿ ಹೋಗಿಬರುವುದು ಕಾನೂನಿಗಿಂತ ಬೇಗ ಕೆಲಸ ಮಾಡುತ್ತದೆ. ಮಾತು ಕೈಮೀರಿದರೆ ಮಕ್ಕಳ ಸಹಾಯವಾಣಿ ೧೦೯೮ ಇದ್ದೇ ಇದೆ.

ದುಃಖದ ಚಿಹ್ನೆ ಕಣ್ಣೀರೊಂದೇ ಎಂದು ತಿಳಿಯಬಾರದು. ಈ ವಯಸ್ಸಿನಲ್ಲಿ ಅದು ಸಿಟ್ಟಾಗಿ, ಸೋಮಾರಿತನವಾಗಿ, ಅತಿಯಾದ ನಗುವಾಗಿ, ರಾತ್ರಿಯೆಲ್ಲ ಮೊಬೈಲಾಗಿ, ಹೊಟ್ಟೆನೋವಾಗಿ ಹೊರಬರುವುದು ಸಾಮಾನ್ಯ. ಒಂದು ಗಳಿಗೆ ಅತ್ತು ಮರುಗಳಿಗೆ ಕಬಡ್ಡಿಗೆ ಓಡಿದರೆ ಪ್ರೀತಿ ಕಡಿಮೆಯಿತ್ತೆಂದಲ್ಲ. ತಪ್ಪು ತನ್ನದೆಂಬ ಶಂಕೆ ಅನೇಕರನ್ನು ಒಳಗೊಳಗೇ ತಿನ್ನುತ್ತಿರುತ್ತದೆ: ಆ ದಿನ ಅಪ್ಪನೊಡನೆ ಜಗಳವಾಡಿದ್ದೆ, ಅದಕ್ಕೇ ಹೀಗಾಯಿತು, ಅಮ್ಮನ ಔಷಧಿ ತರಲು ತಡಮಾಡಿದೆ, ಗೆಳೆಯನಿಗೆ ಆ ಬಸ್ಸಿಗೇ ಹತ್ತೆಂದು ನಾನೇ ಹೇಳಿದೆ. ಇದನ್ನು ಅವರು ತಾವಾಗಿ ಹೇಳುವುದಿಲ್ಲ. ‘ನನ್ನಿಂದಲೇ ಆಯ್ತು ಅಂತ ಕೆಲವರಿಗೆ ಅನ್ನಿಸುತ್ತದೆ, ನಿನಗೂ ಹಾಗೇನಾದರೂ ಅನ್ನಿಸಿದೆಯಾ?’ ಎಂದು ಕೇಳಿದರೆ ಹೇಳಿಯಾರು.

ಅವರು ಯಾವ ಭಾಷೆಯಲ್ಲಿ ಅಳುತ್ತಾರೆಂಬುದನ್ನೂ ಗಮನಿಸಬೇಕು. ಪಾವಗಡ ತಾಲ್ಲೂಕು ಆಂಧ್ರದ ನೆಲದ ನಡುವೆ ಚಾಚಿಕೊಂಡಿರುವಂಥದು. ಅಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಅಪ್ಪನನ್ನು ‘ನಾಯನ’ ಎಂದು ಕರೆದು ಬೆಳೆದ ಹುಡುಗ ‘ನನ್ನ ತಂದೆಯವರು ನಿಧನರಾದರು’ ಎಂದು ರಜೆಯ ಅರ್ಜಿಯಲ್ಲಿ ತಪ್ಪಿಲ್ಲದೆ ಬರೆಯಬಲ್ಲ. ಆದರೆ ಆ ವಾಕ್ಯದೊಳಗೆ ಅವನ ನಾಯನ ಇರುವುದಿಲ್ಲ. ಶಿರಾದ ಹುಡುಗಿಯ ‘ಅಬ್ಬಾ’ಗೂ, ಲಂಬಾಣಿ ತಾಂಡಾದ ಮಕ್ಕಳ ನುಡಿಗೂ ಇದೇ ನ್ಯಾಯ. ನಾನು ಕನ್ನಡದ ಅಭಿಮಾನಿ. ಆದರೂ ಇಂತಹ ಹೊತ್ತಿನಲ್ಲಿ ಮಗುವಿಗೆ ‘ನಿಮ್ಮ ಮನೆ ಮಾತಲ್ಲೇ ಹೇಳಪ್ಪ’ ಎನ್ನುವುದು ಕನ್ನಡಕ್ಕೆ ಊನವಲ್ಲ. ಉಪಾಧ್ಯಾಯರಿಗೆ ಆ ಭಾಷೆ ಬಾರದಿದ್ದರೂ ಕೇಳುತ್ತ ಕುಳಿತರೆ ನಡೆಯುತ್ತದೆ.

ಸಾವು ಬಂದ ಮೇಲೆ ಮಾತು ಹುಡುಕುವುದಕ್ಕಿಂತ, ಬಾರದ ಕಾಲದಲ್ಲಿಯೇ ತರಗತಿಯಲ್ಲಿ ಅದರ ಮಾತನ್ನು ರೂಢಿಸಿಕೊಂಡಿರುವುದು ಲೇಸು. ಇದಕ್ಕೆ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬೇಕಾದಷ್ಟು ಸಾಮಗ್ರಿ ಬಯಲಿನಲ್ಲಿಯೇ ಬಿದ್ದಿದೆ. ಊರ ಹೊರಗೆ, ಕೆರೆ ಏರಿಯ ಮೇಲೆ, ಹನುಮಂತರಾಯನ ಗುಡಿಯ ಪಕ್ಕದಲ್ಲಿ ವೀರಗಲ್ಲುಗಳಿಲ್ಲದ ಹೋಬಳಿ ಅಪರೂಪ. ಕೆಳಗಿನ ಹಂತದಲ್ಲಿ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡೊಯ್ಯುವುದು, ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಅವನು ಕುಳಿತಿರುವುದು. ತುರು ಕಾಯುವುದಕ್ಕೋ ಊರಳಿವನ್ನು ತಡೆಯುವುದಕ್ಕೋ ಸತ್ತವನೊಬ್ಬನನ್ನು ಮರೆಯಲಾರದೆ ಊರಿನವರು ಕಲ್ಲು ಕೆತ್ತಿಸಿದರೆಂಬುದೇ ಅದರ ಒಟ್ಟು ಅರ್ಥ. ಇತಿಹಾಸದ ಮೇಷ್ಟರು ಒಂದು ಮಧ್ಯಾಹ್ನ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಶತಮಾನ ಯಾವುದು ಎಂಬ ಪ್ರಶ್ನೆಯ ಜೊತೆಗೆ, ಈ ಕಲ್ಲನ್ನು ನಿಲ್ಲಿಸುವಾಗ ಯಾರು ಯಾರು ಇದ್ದಿರಬಹುದು, ಇವನ ಮಗನಿಗೆ ಎಷ್ಟು ವಯಸ್ಸಿದ್ದೀತು, ನಿಮ್ಮ ಮನೆಯಲ್ಲಿ ಹೋದವರನ್ನು ಹೇಗೆ ನೆನೆಯುತ್ತೀರಿ ಎಂದು ಕೇಳಿನೋಡಲಿ. ನೇರವಾಗಿ ಕೇಳಿದರೆ ತುಟಿ ಬಿಚ್ಚದ ಹುಡುಗ ಕಲ್ಲಿನ ಮೇಲೆ ಕಣ್ಣಿಟ್ಟುಕೊಂಡು ಮಾತಾಡುತ್ತಾನೆ. (ಮಾಸ್ತಿಗಲ್ಲಿನ ಮುಂದೆ ಮಾತ್ರ ಎಚ್ಚರ ಬೇಕು, ಗಂಡನೊಡನೆ ಸತ್ತವಳನ್ನು ಪೂಜ್ಯಳೆಂದು ಹೊಗಳಿ ಮುಗಿಸಬಾರದು, ವಿಧವೆಯಾದ ತಾಯಿಯುಳ್ಳ ಮಗು ಆ ಗುಂಪಿನಲ್ಲಿ ಇರಬಹುದು.) ಶಿರಾದ ಮಕ್ಕಳಿಗೆ ಇಂತಹ ಮಾತಿಗೆ, ಅಲ್ಲಿನ ಸುಬೇದಾರನಾಗಿದ್ದು ೧೬೫೧ರಲ್ಲಿ ತೀರಿಕೊಂಡ ಮಲಿಕ್ ರಿಹಾನನ ದರ್ಗಾ ಊರೊಳಗೇ ಇದೆ.

ಕಥೆಗಳೂ ಇವೆ. ನಚಿಕೇತನನ್ನು ನಾವು ತತ್ತ್ವಜ್ಞಾನಕ್ಕೆ ಬಿಟ್ಟುಬಿಟ್ಟಿದ್ದೇವೆ. ವಯಸ್ಸಿನಲ್ಲಿ ಅವನು ನಮ್ಮ ಹೈಸ್ಕೂಲಿನ ಹುಡುಗನೇ. ತಂದೆ ಸಿಟ್ಟಿನಲ್ಲಿ ಆಡಿದ ಒಂದು ಮಾತಿನಿಂದ ಯಮನ ಮನೆಗೆ ಹೋಗಿ, ಮೂರು ರಾತ್ರಿ ಉಪವಾಸ ಕಾದು, ಸತ್ತಮೇಲೆ ಏನಾಗುತ್ತದೆಂದು ಕೇಳುತ್ತಾನೆ. ಯಮನು ಕೂಡಲೆ ಉತ್ತರ ಕೊಡುವುದಿಲ್ಲ. ಆನೆ ಕುದುರೆ ಕೊಡುತ್ತೇನೆ, ಚಿನ್ನ ಕೊಡುತ್ತೇನೆ, ಇದನ್ನು ಮಾತ್ರ ಕೇಳಬೇಡವೆನ್ನುತ್ತಾನೆ. ಸಾವಿನ ವಿಷಯ ಕೇಳಿದ ಮಗನಿಗೆ ಹೊಸ ಮೊಬೈಲು ಕೊಡಿಸುವ ನಮ್ಮ ಕಾಲದ ಹಿರಿಯರನ್ನು ಕಂಡಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಸತ್ತ ಮಗುವನ್ನು ಬದುಕಿಸೆಂದು ಬುದ್ಧನ ಬಳಿಗೆ ಹೋದ ಕಿಸಾಗೋತಮಿಯ ಕಥೆ ಮಾತ್ರ ಹೊತ್ತು ನೋಡಿ ಹೇಳತಕ್ಕದ್ದು. ಸಾವಿಲ್ಲದ ಮನೆಯ ಸಾಸಿವೆ ಎಲ್ಲಿಯೂ ಸಿಕ್ಕದೆಂಬುದನ್ನು ಆ ತಾಯಿ ಮನೆಮನೆಗೆ ನಡೆದು ತಾನೇ ಕಂಡುಕೊಂಡಳು. ಬುದ್ಧನು ಅವಳಿಗೆ ಉಪದೇಶ ಮಾಡಿ ಬಾಯಿ ಮುಚ್ಚಿಸಲಿಲ್ಲ. ಹಾಲುತುಪ್ಪ ಬಿಟ್ಟು ಬಂದ ಮಗುವಿಗೆ ‘ಸಾವು ಎಲ್ಲರ ಮನೇಲೂ ಇದ್ದದ್ದೇ’ ಎಂದು ಆ ಕಥೆಯ ಸಾರವನ್ನು ಒಪ್ಪಿಸುವವರು ಸಾಸಿವೆಯನ್ನು ಮರೆತು ಮಾತನ್ನಷ್ಟೇ ಕಲಿತವರು.

ಆತ್ಮಹತ್ಯೆಯ ವಿಷಯದಲ್ಲಿ ಹೆಚ್ಚಿನ ಜಾಗರೂಕತೆ ಬೇಕು. ಫಲಿತಾಂಶದ ಋತುವಿನಲ್ಲಿ ಇಂತಹ ಸುದ್ದಿಗಳು ಬರುತ್ತವೆ. ಸಹಪಾಠಿಯೊಬ್ಬ ಹೀಗೆ ತೀರಿಕೊಂಡಾಗ ಶಾಲೆ ಅದನ್ನು ಬಚ್ಚಿಡಲೂಬಾರದು, ಬೆಳೆಸಲೂಬಾರದು. ಹೇಗೆ ಮಾಡಿಕೊಂಡನೆಂಬ ವಿವರವನ್ನು ಆಡಬೇಡಿ. ಒಂದೇ ಕಾರಣವನ್ನು, ಅಂಕವೆಂದೋ ಬೈಗುಳವೆಂದೋ, ಹೆಸರಿಸಬೇಡಿ, ಏಕೆಂದರೆ ಅಂತಹ ಸಾವಿಗೆ ಕಾರಣ ಒಂದೇ ಇರುವುದು ಅಪರೂಪ. ದೊಡ್ಡ ಭಾವಚಿತ್ರ, ಹಾಡು, ಮೆರವಣಿಗೆಗಳಿಂದ ಅದಕ್ಕೊಂದು ಮೆರುಗು ಬರುವಂತೆ ಮಾಡಬೇಡಿ. ಹತ್ತಿರದ ಗೆಳೆಯರನ್ನು ಒಬ್ಬೊಬ್ಬರನ್ನಾಗಿ ಕರೆದು ಮಾತಾಡಿ. ಯಾರ ಮೇಲಾದರೂ ಶಂಕೆಯಿದ್ದರೆ, ‘ಸಾಯಬೇಕು ಅಂತ ನಿನಗೇನಾದರೂ ಅನ್ನಿಸ್ತಿದೆಯಾ?’ ಎಂದು ನೇರವಾಗಿಯೇ ಕೇಳಬಹುದು. ಕೇಳಿದ ಮಾತ್ರಕ್ಕೆ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಹೊತ್ತು ತಿರುಗುತ್ತಿದ್ದವರಿಗೆ ಇಳಿಸಲು ಒಂದು ಕಟ್ಟೆ ಸಿಕ್ಕಂತಾಗುತ್ತದೆ. ಹೌದೆಂದರೆ ಒಂಟಿಯಾಗಿ ಬಿಡದೆ, ಗುಟ್ಟಾಗಿಡುತ್ತೇನೆಂದು ಮಾತು ಕೊಡದೆ, ಮನೆಯವರಿಗೆ ತಿಳಿಸಿ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸೇವೆಗೆ ೧೪೪೧೬ ಎಂಬ ಸಂಖ್ಯೆಯ ಮೂಲಕ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಉಚಿತವಾಗಿ ಕರೆಮಾಡಬಹುದು; ಕನ್ನಡದಲ್ಲಿಯೇ ಮಾತಾಡಬಹುದು. ಈ ಸಂಖ್ಯೆಯನ್ನು ಬಿಸಿಯೂಟದ ಪಟ್ಟಿಯ ಪಕ್ಕದಲ್ಲಿ ಬರೆಸಿಟ್ಟರೆ ಎಲ್ಲರ ಕಣ್ಣಿಗೂ ಬೀಳುತ್ತದೆ.

ಅಪರಿಚಿತರ ಸಾವೂ ಮಕ್ಕಳನ್ನು ತಟ್ಟುತ್ತದೆ. ೨೦೨೨ರ ಆಗಸ್ಟ್ ೨೫ರ ನಸುಕಿನಲ್ಲಿ ಶಿರಾ ತಾಲ್ಲೂಕಿನ ಕಳ್ಳಂಬೆಳ್ಳದ ಬಳಿ ಹೆದ್ದಾರಿಯಲ್ಲಿ, ಕೂಲಿಗಾಗಿ ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಹೊರಟಿದ್ದ ಒಂಬತ್ತು ಮಂದಿ ಅಪಘಾತದಲ್ಲಿ ಸತ್ತರು, ಮಕ್ಕಳೂ ಸೇರಿ. ಹೆದ್ದಾರಿಯ ಪಕ್ಕದ ಶಾಲೆಗಳ ಮಕ್ಕಳು ದಿನವೂ ಅದೇ ರಸ್ತೆಯನ್ನು ದಾಟುವವರು. ಮನೆಯವರ ಹಳೆಯ ಸಾವೂ ಹೀಗೆಯೇ ತಡವಾಗಿ ತಟ್ಟಬಹುದು: ೨೦೨೧ರ ಮೇ ತಿಂಗಳಿನಲ್ಲಿ ಕೊರೋನಾದಿಂದ ಹೋದವರ ಮುಖವನ್ನೂ ನೋಡಲಾಗದೆ, ಹಾಲುತುಪ್ಪವೂ ಇಲ್ಲದೆ ಕಳುಹಿಸಿಕೊಟ್ಟ ಮನೆಗಳ ಚಿಕ್ಕಮಕ್ಕಳು ಈಗ ಪ್ರೌಢಶಾಲೆಗೆ ಬಂದಿದ್ದಾರೆ; ಅಂದು ಅಳದ ಅಳು ಈಗ ಬರಬಹುದು.

ಇನ್ನು ಕಾಗದಪತ್ರದ ಮಾತು. ದುಃಖದ ಪ್ರಬಂಧದಲ್ಲಿ ಇದೇಕೆಂದು ಓದುಗರು ಕೇಳಬಹುದು. ಮನೆಯಲ್ಲಿ ಓದುಬರೆಹ ಬಲ್ಲವನು ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನೇ ಆದಾಗ ಕಚೇರಿಯಿಂದ ಕಚೇರಿಗೆ ಅಲೆಯುವವನೂ ಅವನೇ ಎಂಬುದನ್ನು ಕಂಡವರು ಕೇಳಲಾರರು. ಮರಣವನ್ನು ೨೧ ದಿನಗಳೊಳಗೆ ನೋಂದಾಯಿಸಬೇಕು. ಮರಣ ಪ್ರಮಾಣಪತ್ರವಿಲ್ಲದೆ ತಾಯಿಯ ವಿಧವಾ ವೇತನವೂ ಇಲ್ಲ, ಬ್ಯಾಂಕಿನ ಹಣವೂ ಇಲ್ಲ. ತಂದೆಯನ್ನು ಕಳೆದುಕೊಂಡ ಬಡಮನೆಯ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ತಿಂಗಳಿಗೆ ೪,೦೦೦ ರೂಪಾಯಿ ದೊರೆಯುವ ಅವಕಾಶವುಂಟು. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ ೭೨,೦೦೦, ಪಟ್ಟಣದಲ್ಲಿ ೯೬,೦೦೦ ರೂಪಾಯಿಯನ್ನು ಮೀರಿರಬಾರದು. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮುಖ್ಯೋಪಾಧ್ಯಾಯರು ಆ ಅರ್ಜಿಯನ್ನು ತಾವೇ ತುಂಬಿಸಿಕೊಟ್ಟರೆ ಒಬ್ಬ ಹುಡುಗ ಬೇಕರಿಗೆ ಹೋಗದೆ ಉಳಿದಾನು. ಎಸ್ಸೆಸ್ಸೆಲ್ಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ನಡೆಯುತ್ತದೆ. ತಂದೆಯ ಹೆಣ ಮನೆಯಲ್ಲಿರುವಾಗಲೇ ಪರೀಕ್ಷೆ ಬರೆದ ವಿದ್ಯಾರ್ಥಿಯನ್ನು ಪತ್ರಿಕೆಗಳು ಪ್ರತಿವರ್ಷ ಕೊಂಡಾಡುತ್ತವೆ. ಆ ಮಗು ತಾನಾಗಿ ಬಯಸಿ ಬರೆದರೆ ಸರಿ, ಆದರೆ ಮುಂದಿನ ಪರೀಕ್ಷೆ ಇದೆಯೆಂಬುದನ್ನು ಮೊದಲು ಯಾರಾದರೂ ಹೇಳಿರಬೇಕು.

ಉಪಾಧ್ಯಾಯರಿಗೂ ಕಣ್ಣೀರು ಬಂದೀತು. ಬರಲಿ. ಮಕ್ಕಳ ಮುಂದೆ ಕನ್ನಡಕ ತೆಗೆದು ಒರೆಸಿಕೊಂಡ ಮೇಷ್ಟರನ್ನು ಯಾವ ತರಗತಿಯೂ ಲಘುವಾಗಿ ಕಂಡದ್ದಿಲ್ಲ.

ಹಾಜರಿ ಪುಸ್ತಕದ ಪ್ರಶ್ನೆ ಉಳಿಯಿತು. ಸತ್ತ ವಿದ್ಯಾರ್ಥಿಯ ಹೆಸರನ್ನು ಮೊದಲ ದಿನವೇ ಕೆಂಪು ಶಾಯಿಯಲ್ಲಿ ಹೊಡೆದುಹಾಕಬೇಡಿ. ಪುಸ್ತಕವನ್ನು ತೆರೆಯುವುದಕ್ಕೆ ಮೊದಲೇ ಮಕ್ಕಳಿಗೆ ಹೇಳಿ: ‘ಇವತ್ತು ಅವಳ ಹೆಸರು ಬರುತ್ತೆ. ನಾನು ಒಂದು ಸಲ ಓದ್ತೀನಿ, ಎಲ್ಲರೂ ನೆನೆಸ್ಕೊಳ್ಳೋಣ. ನಾಳೆಯಿಂದ ಓದೋದಿಲ್ಲ.’ ಬೆಂಚಿನ ಆ ಜಾಗವನ್ನು ಎಷ್ಟು ದಿನ ಖಾಲಿಬಿಡಬೇಕು, ಆಮೇಲೆ ಯಾರು ಕೂರಬೇಕು ಎಂಬುದನ್ನು ಪಕ್ಕದಲ್ಲಿ ಕೂರುತ್ತಿದ್ದವರನ್ನೇ ಕೇಳಿ. ಅವಳ ನೋಟುಪುಸ್ತಕಗಳನ್ನು ಒಟ್ಟುಮಾಡಿ, ಗೆಳತಿಯರು ಬರೆದ ಕಾಗದಗಳನ್ನು ಜೊತೆಗಿಟ್ಟು, ತಿಥಿಯ ದಿನ ಇಬ್ಬರು ಮೂವರು ಹೋಗಿ ತಾಯಿಯ ಕೈಗೆ ಕೊಟ್ಟುಬರಲಿ. ಜೂನ್ ತಿಂಗಳಲ್ಲಿ ಮೇಲಿನ ತರಗತಿಗೆ ಹೊಸ ಹಾಜರಿ ಪುಸ್ತಕ ಬರುತ್ತದೆ. ಹೆಸರುಗಳು ಹೊಸದಾಗಿ ಬರೆಯಲ್ಪಡುತ್ತವೆ, ಕ್ರಮಸಂಖ್ಯೆಗಳು ಒಂದೊಂದು ಮೇಲೆ ಸರಿಯುತ್ತವೆ. ಹದಿನೇಳನೆಯ ಸಂಖ್ಯೆಯವಳಿಗೆ ಹದಿನಾರು ಬಂದಾಗ ಅವಳು ಒಂದು ಗಳಿಗೆ ತಡೆದು ‘ಎಸ್ ಸಾರ್’ ಎನ್ನುತ್ತಾಳೆ. ಆ ತಡೆ ಏಕೆಂದು ಹೊಸ ತರಗತಿಯ ಮೇಷ್ಟರಿಗೆ ಹಳೆಯ ತರಗತಿಯ ಮೇಷ್ಟರು ಮೊದಲೇ ತಿಳಿಸಿರಬೇಕು.